ಬೆಲೆಯ ಚೀಟಿಯಲ್ಲ, ಬೆನ್ನಿನ ಚೀಟಿ ಓದಿ

ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಗಿರಾಕಿ ಕೇಳುವ ಮೊದಲ ಪ್ರಶ್ನೆ “ಇದು ಬಾಳಿಕೆ ಬರುತ್ತದೆಯೇ?” ಎಂಬುದು. ಅಂಗಡಿಯವರು ಸಾಮಾನ್ಯವಾಗಿ ಎರಡು ಪೆಟ್ಟಿಗೆಗಳನ್ನು ಮುಂದಿಡುತ್ತಾರೆ. ಒಂದು ಹೆಸರಾಂತ ಕಂಪನಿಯದು. ಇನ್ನೊಂದು ಅದರ ಅರ್ಧ ಬೆಲೆಗೆ ಸಿಗುವ, ಯಾರೂ ಹೆಸರು ಕೇಳಿರದ ತಯಾರಿಕೆ. ಹಚ್ಚಿ ತೋರಿಸಿದರೆ ಎರಡೂ ಉರಿಯುತ್ತವೆ, ಎರಡೂ ಹಾಡುತ್ತವೆ. ಕೈಯಲ್ಲಿ ಕಾಸಿದ್ದವರು ದುಬಾರಿಯದನ್ನು, ಇಲ್ಲದವರು ಅಗ್ಗದ್ದನ್ನು ಕೊಂಡು ಮನೆಗೆ ಹೋಗುತ್ತಾರೆ. ಆರು ತಿಂಗಳು ಕಳೆದ ಮೇಲೆ ಅದೇ ಇಬ್ಬರು ಕೆಟ್ಟ ಸಾಮಾನನ್ನು ಚೀಲದಲ್ಲಿಟ್ಟುಕೊಂಡು ರಿಪೇರಿ ಅಂಗಡಿಯ ಬೆಂಚಿನ ಮೇಲೆ ಅಕ್ಕಪಕ್ಕದಲ್ಲಿ ಕುಳಿತಿರುವುದೂ ಉಂಟು.

ಹಾಗಾದರೆ ಹೆಚ್ಚು ಬೆಲೆ ಕೊಡುವುದು ವ್ಯರ್ಥವೇ? ಅಗ್ಗದ್ದೆಲ್ಲ ಮೋಸವೇ? ಎರಡೂ ಅಲ್ಲ. ಬೆಲೆ ಎಂಬುದು ಹಲವು ಸಂಗತಿಗಳನ್ನು ಒಟ್ಟಿಗೆ ಕಟ್ಟಿದ ಗಂಟು. ಒಳಗಿನ ಬಿಡಿಭಾಗಗಳ ಗುಣಮಟ್ಟ, ಕಂಪನಿಯ ಹೆಸರು, ಜಾಹೀರಾತಿನ ಖರ್ಚು, ಹೊರಗಿನ ಅಂದಚಂದ ಎಲ್ಲವೂ ಅದರಲ್ಲಿರುತ್ತವೆ. ಈ ಗಂಟಿನಲ್ಲಿ ಮನೆಗೆ ನಿಜವಾಗಿ ಬೇಕಾದದ್ದು ಎಷ್ಟಿದೆ ಎಂದು ಬಿಚ್ಚಿ ನೋಡಿದವರಿಗೆ ಮಾತ್ರ ಲಾಭ.

ಊರಿನ ಕರೆಂಟಿನ ಸ್ವಭಾವ

ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣವನ್ನೇ ತೆಗೆದುಕೊಳ್ಳೋಣ. ನಾಯಕರ ಆಳ್ವಿಕೆಯ ಕಾಲದಿಂದ ಚರಿತ್ರೆಯಲ್ಲಿ ಹೆಸರು ಪಡೆದ ಊರು ಇದು. ಇಂದು ಈ ಸೀಮೆಯ ಬದುಕು ನಿಂತಿರುವುದು ಅಡಿಕೆ ಮತ್ತು ಭತ್ತದ ಮೇಲೆ. ಮನೆಗೆ ಟೀವಿಯೋ ಫ್ರಿಜ್ಜೋ ಬರುವುದು ಅಡಿಕೆ ಮಾರಿದ ಮೇಲೆ, ಅದೂ ವರ್ಷಕ್ಕೊಮ್ಮೆ. ಒಮ್ಮೆ ಕೊಂಡದ್ದು ಕೆಟ್ಟರೆ ಮತ್ತೆ ಮುಂದಿನ ಫಸಲಿನ ದಾರಿ ಕಾಯಬೇಕು. ಆದ್ದರಿಂದ ಬಾಳಿಕೆಯ ಪ್ರಶ್ನೆ ಇಲ್ಲಿ ಹರಟೆಯ ವಿಷಯವಲ್ಲ, ಸಂಸಾರದ ಲೆಕ್ಕ.

ಇಲ್ಲಿನ ತೋಟಗಳಿಗೆ ನೀರೆತ್ತಲು ಪಂಪ್‌ಸೆಟ್ಟುಗಳಿವೆ. ಕೊಯ್ಲಿನ ಕಾಲ ಬಂತೆಂದರೆ ಅಡಿಕೆ ಸುಲಿಯುವ ಯಂತ್ರಗಳೂ ಜತೆಗೂಡುತ್ತವೆ. ಐದು ಅಶ್ವಶಕ್ತಿಯ ಮೋಟಾರೊಂದು ನೇರವಾಗಿ ಚಾಲೂ ಆಗುವ ಗಳಿಗೆಯಲ್ಲಿ ತನ್ನ ಮಾಮೂಲು ಕರೆಂಟಿನ ಐದಾರು ಪಟ್ಟು ಸೆಳೆಯುತ್ತದೆ. ಆಗ ಅದೇ ಲೈನಿನಲ್ಲಿರುವ ಮನೆಗಳಲ್ಲಿ ದೀಪ ಒಮ್ಮೆ ಮಂಕಾಗಿ ಮತ್ತೆ ಚೇತರಿಸಿಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಕೊನೆಯ ಮನೆಗೆ ಈ ಪೆಟ್ಟು ಹೆಚ್ಚು. ಮನೆಗಳ ಫೀಡರನ್ನು ಪಂಪ್‌ಸೆಟ್ ಫೀಡರಿನಿಂದ ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆಯಿಂದ ರಾಜ್ಯದ ಹಳ್ಳಿಗಳಲ್ಲಿ ಈ ತೊಂದರೆ ತಗ್ಗಿದೆ. ಆದರೂ ಪಂಪ್‌ಸೆಟ್ ಲೈನನ್ನೇ ನಂಬಿದ ತೋಟದ ಮನೆಗಳಿಗೆ ಅದು ಪೂರ್ತಿ ತಪ್ಪಿಲ್ಲ.

ಮನೆಗೆ ಬರಬೇಕಾದ ವೋಲ್ಟೇಜ್ 230. ಅದು ಶೇಕಡಾ 6ಕ್ಕಿಂತ ಹೆಚ್ಚು ಏರಿಳಿಯಬಾರದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳು ಗೊತ್ತುಪಡಿಸಿದ್ದವು. ಅಂದರೆ ಸುಮಾರು 216ರಿಂದ 244ರವರೆಗೆ. ಲೈನಿನ ತುದಿಯ ಮನೆಯಲ್ಲಿ ಸಂಜೆ ಹೊತ್ತು ಮೀಟರ್ ಹಿಡಿದು ನೋಡಿದವರಿಗೆ ಈ ಗಡಿ ಎಷ್ಟು ಸಲ ದಾಟುತ್ತದೆಂದು ಗೊತ್ತು. ಇದರ ಮೇಲೆ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೆ ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ವೋಲ್ಟಿನ ಅಲೆ ತಂತಿಗುಂಟ ಓಡಿ ಬರಬಹುದು. ಗಾಳಿಗೆ ನ್ಯೂಟ್ರಲ್ ತಂತಿ ತುಂಡಾಯಿತೆಂದರೆ ಇನ್ನೂ ಕಷ್ಟ. 230 ವೋಲ್ಟ್ ಬರಬೇಕಾದ ಮನೆಗೆ 400ರ ಸಮೀಪದವರೆಗೂ ಏರಬಹುದು. ಒಂದೇ ಬೀದಿಯ ಹತ್ತಾರು ಮನೆಗಳ ಸಾಮಾನು ಒಂದೇ ರಾತ್ರಿ ಸುಟ್ಟುಹೋಗುವುದು ಹೀಗೆಯೇ. ಆಗ ತಯಾರಕರನ್ನು ಬೈಯುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಆದ್ದರಿಂದ ಪೇಟೆಯ ಮನೆಯಲ್ಲಿ ಹತ್ತು ವರ್ಷ ಬಾಳಿದ ಸಾಮಾನು ತೋಟದ ಮನೆಯಲ್ಲೂ ಹತ್ತು ವರ್ಷ ಬಾಳುತ್ತದೆ ಎನ್ನುವಂತಿಲ್ಲ. ಸಾಮಾನಿನ ಗುಣವನ್ನು ಅದು ದುಡಿಯುವ ಜಾಗದೊಂದಿಗೆ ಸೇರಿಸಿಯೇ ಅಳೆಯಬೇಕು.

ರೇಡಿಯೋ ಕಾಲದ ಪಾಠ

ಈ ಮಾತು ಹೊಸದೇನಲ್ಲ. ಭದ್ರಾವತಿ ಆಕಾಶವಾಣಿ ಕೇಂದ್ರ 1965ರಲ್ಲಿ ಆರಂಭವಾಯಿತು. ಹತ್ತಿರದ ಪ್ರಬಲ ಕೇಂದ್ರವೊಂದನ್ನು ಕೇಳುವುದಷ್ಟೇ ಉದ್ದೇಶವಾದರೆ ಸ್ಥಳೀಯವಾಗಿ ಜೋಡಿಸಿದ ಅಗ್ಗದ ಒಂದು ಬ್ಯಾಂಡಿನ ರೇಡಿಯೋ ಸಾಕು. ದುಬಾರಿ ಸೆಟ್ಟಿನಲ್ಲಿ ಕೇಳಿಬರುವ ಕೃಷಿರಂಗವೇ ಅದರಲ್ಲೂ ಕೇಳಿಬರುತ್ತದೆ. ದುಬಾರಿ ಸೆಟ್ಟಿನ ಹೆಚ್ಚಳ ತಿಳಿಯುವುದು ರಾತ್ರಿ ದೂರದ ಕೇಂದ್ರ ಹಿಡಿಯಲು ಹೊರಟಾಗ. ಅಕ್ಕಪಕ್ಕದ ಎರಡು ಕೇಂದ್ರಗಳು ಒಂದರ ಮೇಲೊಂದು ಬೀಳದಂತೆ ಬೇರ್ಪಡಿಸುವ ಶಕ್ತಿ ಅದರೊಳಗಿನ ಸರ್ಕೀಟುಗಳಿಗೆ ಇರುತ್ತದೆ. ಭದ್ರಾವತಿಯನ್ನು ಮಾತ್ರ ಕೇಳುವವರಿಗೆ ಆ ಶಕ್ತಿಯಿಂದ ಪ್ರಯೋಜನವಿಲ್ಲ, ಸಿಲೋನನ್ನು ಹುಡುಕುವವರಿಗೆ ಅದಿಲ್ಲದೆ ನಡೆಯದು. ಯಾವ ಕೆಲಸಕ್ಕೆ ಎಂಬುದು ಗೊತ್ತಾಗದೆ ಬೆಲೆಯ ಚರ್ಚೆಗೆ ಅರ್ಥವಿಲ್ಲ.

ಒಳಗಿರುವ ಚಿಕ್ಕ ಡಬ್ಬಿ

ಅಗ್ಗದ ಮತ್ತು ದುಬಾರಿ ಸಾಮಾನುಗಳ ನಡುವಿನ ನಿಜವಾದ ವ್ಯತ್ಯಾಸ ಹಲವು ಸಲ ಬೆರಳ ತುದಿಯಷ್ಟು ದೊಡ್ಡದಾದ ಒಂದು ಬಿಡಿಭಾಗದಲ್ಲಿರುತ್ತದೆ. ಟೀವಿ, ಚಾರ್ಜರ್, ಸೆಟ್‌ಟಾಪ್ ಬಾಕ್ಸ್, ಒಳ್ಳೆಯ ಎಲ್‌ಇಡಿ ಬಲ್ಬು ಎಲ್ಲದರಲ್ಲೂ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್ ಎಂಬ ಪುಟ್ಟ ಡಬ್ಬಿಯಿದೆ. ಅದರೊಳಗಿನ ದ್ರವ ಬಿಸಿಗೆ ನಿಧಾನವಾಗಿ ಆರುತ್ತದೆ. ಆರಿದ ಮೇಲೆ ಡಬ್ಬಿಯ ತಲೆ ಉಬ್ಬುತ್ತದೆ, ಸಾಮಾನು ಮಿಣುಕತೊಡಗುತ್ತದೆ, ಕೊನೆಗೆ ನಿಲ್ಲುತ್ತದೆ.

ಈ ಡಬ್ಬಿಗಳ ಮೈಮೇಲೆ 85 ಡಿಗ್ರಿ ಅಥವಾ 105 ಡಿಗ್ರಿ ಎಂದು ಬರೆದಿರುತ್ತದೆ. ಅಷ್ಟು ಬಿಸಿಯಲ್ಲಿ ಎರಡೂ 2,000 ಗಂಟೆ ಬಾಳುವಂಥವು ಎಂದುಕೊಳ್ಳಿ. ಬಿಸಿ 10 ಡಿಗ್ರಿ ತಗ್ಗಿದಾಗಲೆಲ್ಲ ಆಯುಷ್ಯ ಎರಡು ಪಟ್ಟಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ಲೆಕ್ಕ. ಪೆಟ್ಟಿಗೆಯೊಳಗಿನ ಬಿಸಿ 65 ಡಿಗ್ರಿಯಾದರೆ 85 ಡಿಗ್ರಿಯ ಡಬ್ಬಿ 8,000 ಗಂಟೆ ಬಾಳುತ್ತದೆ. 105 ಡಿಗ್ರಿಯದು 32,000 ಗಂಟೆ. ದಿನಕ್ಕೆ ಐದು ಗಂಟೆ ಉರಿಸುವ ಮನೆಯಲ್ಲಿ ಮೊದಲನೆಯದು ನಾಲ್ಕೂವರೆ ವರ್ಷದೊಳಗೆ ಕೈಕೊಡುತ್ತದೆ, ಎರಡನೆಯದು ಹದಿನೇಳು ವರ್ಷ ದಾಟುತ್ತದೆ. ಇವೆರಡರ ಬೆಲೆಯ ಅಂತರವಾದರೋ ತೀರ ಅಲ್ಪ. ಅಗ್ಗದ ತಯಾರಕ ಉಳಿಸುವುದು ಇಂಥ ಪುಡಿಗಾಸನ್ನೇ. ದುಬಾರಿ ಕಂಪನಿಯೂ ಒಮ್ಮೊಮ್ಮೆ ಇದೇ ಪುಡಿಗಾಸನ್ನು ಉಳಿಸಿ ಹೊರಗಿನ ಹೊಳಪಿಗೆ ಹಾಕುವುದುಂಟು.

ಇಂಥದೇ ಇನ್ನೊಂದು ಭಾಗ ವ್ಯಾರಿಸ್ಟರ್. ನಾಣ್ಯದಂತಿರುವ ಇದು ವೋಲ್ಟೇಜಿನ ಅಲೆ ಬಂದಾಗ ಅದನ್ನು ತಾನೇ ನುಂಗಿ ಉಳಿದ ಭಾಗಗಳನ್ನು ಕಾಯುತ್ತದೆ. ಇದಿಲ್ಲದ ಸಾಮಾನು ಪೇಟೆಯಲ್ಲಿ ಹೇಗೋ ಬದುಕೀತು, ಸಿಡಿಲಿನ ಸೀಮೆಯಲ್ಲಿ ಬದುಕುವುದು ಕಷ್ಟ. ವ್ಯಾರಿಸ್ಟರ್ ಕೂಡ ಪ್ರತಿ ಪೆಟ್ಟಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆ, ನೇರ ಸಿಡಿಲನ್ನು ತಡೆಯುವ ಶಕ್ತಿಯಂತೂ ಅದಕ್ಕಿಲ್ಲ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡುವ ಹಳೆಯ ರೂಢಿಗೆ ಈಗಲೂ ಬದಲಿ ಇಲ್ಲ.

ಬಲ್ಬು ಹೇಳುವ ಕಥೆ

ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ 25,000 ಗಂಟೆ ಎಂದು ಬರೆದಿರುವುದನ್ನು ನೋಡಿರಬಹುದು. ಆದರೆ ಬಹುಪಾಲು ಬಲ್ಬುಗಳಲ್ಲಿ ಮೊದಲು ಸಾಯುವುದು ಬೆಳಕು ಕೊಡುವ ಎಲ್‌ಇಡಿಯಲ್ಲ, ಅದಕ್ಕೆ ಕರೆಂಟು ಹದಮಾಡಿ ಕೊಡುವ ಡ್ರೈವರ್. ತೀರ ಅಗ್ಗದ ಬಲ್ಬಿನಲ್ಲಿ ಡ್ರೈವರ್ ಬದಲು ಒಂದು ಕೆಪ್ಯಾಸಿಟರನ್ನು ಅಡ್ಡ ಹಾಕಿ ಕರೆಂಟು ತಗ್ಗಿಸಿರುತ್ತಾರೆ. ಲೈನಿನ ವೋಲ್ಟೇಜ್ ಏರಿದರೆ ಅದರ ಕರೆಂಟೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಗುರುತಿಸುವುದು ಸುಲಭ. ಪಂಪು ಚಾಲೂ ಆದಾಗ ಬೆಳಕು ಮಂಕಾಗುವ ಬಲ್ಬು ಬಹುತೇಕ ಈ ಜಾತಿಯದು. ಒಳ್ಳೆಯ ಡ್ರೈವರ್ ಇರುವ ಬಲ್ಬು ಅಂಥ ಏರಿಳಿತದಲ್ಲೂ ಒಂದೇ ಸಮನೆ ಉರಿಯುತ್ತದೆ. ಮೇಲಿನ ಗುಮ್ಮಟ ಒಡೆದ ಬಲ್ಬನ್ನಂತೂ ಹಾಗೇ ಉರಿಸಲೇಬಾರದು. ಒಳಗಿನ ಎಲ್‌ಇಡಿ ತಟ್ಟೆಗೆ ಲೈನಿನ ಪೂರ್ತಿ ವೋಲ್ಟೇಜ್ ಬಂದಿರಬಹುದು.

ಹಾಗೆಂದು ಅಗ್ಗದ ಬಲ್ಬೆಲ್ಲ ಕೆಟ್ಟದ್ದೆಂದು ತೀರ್ಮಾನಿಸುವಂತಿಲ್ಲ. ಕೇಂದ್ರ ಸರ್ಕಾರ 2015ರ ಜನವರಿಯಲ್ಲಿ ಆರಂಭಿಸಿದ ಉಜಾಲಾ ಯೋಜನೆಯೇ ಇದಕ್ಕೆ ಸಾಕ್ಷಿ. ಇದು ನಮ್ಮ ರಾಜ್ಯಕ್ಕೆ ಹೊಸ ಬೆಳಕು ಎಂಬ ಹೆಸರಿನಲ್ಲಿ ಬಂತು. 2014ರ ಆರಂಭದಲ್ಲಿ ಒಂದು ಬಲ್ಬಿಗೆ 310 ರೂಪಾಯಿಯಷ್ಟಿದ್ದ ಸಗಟು ಖರೀದಿ ದರ ಕೋಟಿಗಟ್ಟಲೆ ಬಲ್ಬುಗಳಿಗೆ ಒಟ್ಟಿಗೆ ಟೆಂಡರು ಕರೆದದ್ದರಿಂದ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ಗ್ಯಾರಂಟಿ ಮೂರು ವರ್ಷದ್ದೇ. ಇಲ್ಲಿ ಬೆಲೆ ಇಳಿದದ್ದು ಸಗಟು ಖರೀದಿಯಿಂದ. ಒಳಗಿನ ಡಬ್ಬಿ ಕದ್ದು ಇಳಿಸಿದ ಬೆಲೆ ಬೇರೆ, ಲಕ್ಷಗಟ್ಟಲೆ ತಯಾರಿಸಿ ಇಳಿಸಿದ ಬೆಲೆ ಬೇರೆ. ಅಂಗಡಿಯ ಕಪಾಟಿನಲ್ಲಿ ಎರಡೂ ಅಗ್ಗವಾಗಿಯೇ ಕಾಣುತ್ತವೆ.

ಮೂಗಿಗಿಂತ ಮೂಗುತಿ ಭಾರ

ಟೀವಿ ಕೊಂಡ ಕೂಡಲೇ ಅದಕ್ಕೊಂದು ದುಬಾರಿ ಸ್ಟೆಬಿಲೈಜರ್ ಕೊಳ್ಳುವುದು ಹಳೆಯ ರೂಢಿ. ಹಿಂದಿನ ಕಾಲದ ಹಲವು ಸೆಟ್ಟುಗಳಿಗೆ ಅದು ಬೇಕಾಗಿತ್ತು. ಇಂದಿನ ಹೆಚ್ಚಿನ ಟೀವಿಗಳ ಬೆನ್ನಿನಲ್ಲಿ 100–240 ವೋಲ್ಟ್ ಎಂದು ಬರೆದಿರುತ್ತದೆ. ಅಂದರೆ ಲೈನಿನಲ್ಲಿ 150 ವೋಲ್ಟೇ ಇದ್ದರೂ ಅದು ತನ್ನ ಪಾಡಿಗೆ ನಡೆಯುತ್ತದೆ. ಅಂಥ ಟೀವಿಗೆ ಬೇಕಾದದ್ದು ಕಡಿಮೆ ವೋಲ್ಟೇಜನ್ನು ಎತ್ತುವ ಯಂತ್ರವಲ್ಲ, ಅತಿ ವೋಲ್ಟೇಜನ್ನು ತಡೆಯುವ ರಕ್ಷಣೆ.

ಫ್ರಿಜ್ಜಿನ ಮಾತು ಬೇರೆ. ಸಾಮಾನ್ಯ ಕಂಪ್ರೆಸರ್ ಕಡಿಮೆ ವೋಲ್ಟೇಜಿನಲ್ಲಿ ತಿರುಗಲಾರದೆ ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ಕರೆಂಟು ಹೋಗಿ ಕೂಡಲೇ ಬಂದಾಗ ಒಳಗಿನ ಅನಿಲದ ಒತ್ತಡ ಇಳಿದಿರುವುದಿಲ್ಲ. ಆಗ ಎರಡು ಮೂರು ನಿಮಿಷ ತಡೆದು ಚಾಲೂ ಮಾಡುವ ಸ್ಟೆಬಿಲೈಜರ್ ಅದರ ಜೀವ ಉಳಿಸುತ್ತದೆ. ಫ್ರಿಜ್ಜಿಗೆ ಹಾಕಬೇಕಾದ ದುಡ್ಡನ್ನು ಟೀವಿಗೆ ಹಾಕಿ ಫ್ರಿಜ್ಜನ್ನು ನೇರವಾಗಿ ಗೋಡೆಗೆ ಜೋಡಿಸುವುದು ತಲೆಕೆಳಗಾದ ಲೆಕ್ಕ. ಸ್ಟೆಬಿಲೈಜರ್ ಇಲ್ಲದೆ ನಡೆಯುತ್ತದೆ ಎನ್ನುವ ಹೊಸ ಫ್ರಿಜ್ಜುಗಳೂ ಒಂದು ಮಿತಿಯೊಳಗೆ ಮಾತ್ರ ಹಾಗೆ ನಡೆಯುತ್ತವೆ. ಆ ಮಿತಿ ಎಷ್ಟೆಂಬುದನ್ನು ಅದರ ಕೈಪಿಡಿಯಲ್ಲಿ ನೋಡಬೇಕು.

ಹೊಂದಿಕೆಯೇ ಅರ್ಧ ಬಾಳಿಕೆ

ಒಳ್ಳೆಯ ಸಾಮಾನೂ ಹೊಂದಿಕೆಯಿಲ್ಲದ ಕಡೆ ಕೆಡುತ್ತದೆ. ಮನೆಮನೆಯಲ್ಲೂ ಇರುವ ದುಂಡು ಪಿನ್ನಿನ ಅಡಾಪ್ಟರುಗಳನ್ನೇ ನೋಡಿ. ಸೆಟ್‌ಟಾಪ್ ಬಾಕ್ಸಿನದು 12 ವೋಲ್ಟ್ ಇರಬಹುದು, ಇಂಟರ್‌ನೆಟ್ ಪೆಟ್ಟಿಗೆಯದು 9 ವೋಲ್ಟ್, ಮಕ್ಕಳ ಆಟಿಕೆಯದು 5 ವೋಲ್ಟ್. ಪಿನ್ನು ಮಾತ್ರ ಒಂದೇ ಅಳತೆಯದಾಗಿರಬಹುದು. ಕೂತಿತು ಎಂದು ಚುಚ್ಚಿದರೆ ಕ್ಷಣದಲ್ಲಿ ಸುಟ್ಟೀತು. ನೆನಪಿಡಬೇಕಾದ ಸೂತ್ರ ಇಷ್ಟೇ: ವೋಲ್ಟ್ ಸಮನಾಗಿರಬೇಕು, ಆಂಪಿಯರ್ ಸಮ ಅಥವಾ ಹೆಚ್ಚಿರಬೇಕು, ಧನ ಋಣ ತುದಿಗಳ ಗುರುತು ಒಂದೇ ಇರಬೇಕು.

ಮೊಬೈಲಿನ ಟೈಪ್-ಸಿ ಚಾರ್ಜರುಗಳಲ್ಲಿ ಈ ಅಪಾಯ ಕಡಿಮೆ. ಫೋನು ಮತ್ತು ಚಾರ್ಜರು ಮೊದಲು ತಮ್ಮೊಳಗೆ ಸಂಕೇತ ಕಳಿಸಿ ಒಪ್ಪಂದಕ್ಕೆ ಬರುತ್ತವೆ. ಒಪ್ಪಂದವಾಗದಿದ್ದರೆ 5 ವೋಲ್ಟಿನಲ್ಲಿ ನಿಧಾನವಾಗಿ ಚಾರ್ಜಾಗುತ್ತದೆ. ದುಬಾರಿ ಫೋನಿನ ವೇಗದ ಚಾರ್ಜರ್ ಬೇರೆ ಕಂಪನಿಯ ಫೋನಿಗೆ ನಿಧಾನವಾಗುವುದು ಇದೇ ಕಾರಣಕ್ಕೆ, ಚಾರ್ಜರ್ ಕೆಟ್ಟಿದ್ದರಿಂದಲ್ಲ. ಯುರೋಪಿನ ಒಕ್ಕೂಟ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆಲ್ಲ ಟೈಪ್-ಸಿ ಕಡ್ಡಾಯ ಮಾಡಿದ್ದರಿಂದ ಜಗತ್ತಿನಾದ್ಯಂತ ಒಂದೇ ಬಗೆಯ ಕಿಂಡಿಯತ್ತ ತಯಾರಕರು ಸಾಗಿದ್ದಾರೆ. ಆದರೆ ಚಾರ್ಜರಿನೊಳಗೆ ಲೈನಿನ ಭಾಗ ಮತ್ತು ಕೈಗೆ ತಾಗುವ ಭಾಗದ ನಡುವೆ ಇರಬೇಕಾದ ಕೆಲವು ಮಿಲಿಮೀಟರ್ ಅಂತರವನ್ನು ಕಿಂಡಿಯ ಆಕಾರ ಕಾಪಾಡದು. ಆ ಅಂತರ ಕಡಿಮೆಯಾದ ಕಳಪೆ ಚಾರ್ಜರ್ ಪ್ರಾಣಕ್ಕೇ ಸಂಚಕಾರ.

ಫ್ಯಾನಿನ ವಿಷಯದಲ್ಲೂ ಹೀಗೆಯೇ. ಸುಮಾರು 75 ವ್ಯಾಟಿನ ಹಳೆಯ ಫ್ಯಾನಿನ ಬದಲು 30 ವ್ಯಾಟಿನ ಆಸುಪಾಸಿನ ಬಿಎಲ್‌ಡಿಸಿ ಫ್ಯಾನು ತಂದವರು ಗೋಡೆಯ ಹಳೆಯ ರೆಗ್ಯುಲೇಟರಿಗೇ ಜೋಡಿಸಿ ಕೆಡಿಸಿಕೊಳ್ಳುವುದುಂಟು. ಅದಕ್ಕೆ ರೆಗ್ಯುಲೇಟರ್ ತೆಗೆದು ನೇರ ಸ್ವಿಚ್ ಕೊಡಬೇಕು. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿಗೆ ಮಾಮೂಲು ಫ್ಯಾನು ಜೋಡಿಸಿದರೆ ಗುಂಯ್‌ಗುಡುತ್ತ ಬಿಸಿಯಾಗುತ್ತದೆ, ಬಲ್ಬು ಮತ್ತು ಚಾರ್ಜರುಗಳಿಗೆ ಅದೇ ಇನ್ವರ್ಟರ್ ಸಾಮಾನ್ಯವಾಗಿ ಸಾಕಾಗುತ್ತದೆ. ದೂರದರ್ಶನದ ಫ್ರೀ ಡಿಶ್ ಸೇವೆಗೆ ಎಂಪೆಗ್-2 ಮಾತ್ರ ತಿಳಿದ ಅಗ್ಗದ ಪೆಟ್ಟಿಗೆ ತಂದರೆ ಎಂಪೆಗ್-4 ವಾಹಿನಿಗಳು ಕಾಣುವುದಿಲ್ಲ. ಪೆಟ್ಟಿಗೆ ಕೆಟ್ಟಿಲ್ಲ, ಅದಕ್ಕೆ ಆ ಭಾಷೆ ಬರುವುದಿಲ್ಲ, ಅಷ್ಟೆ.

ಗೋಡೆಯಿಂದಲೇ ಶುರುವಾಗಲಿ

ಮನೆಯಲ್ಲಿ ಅತಿ ಕಡಿಮೆ ಗಮನಕ್ಕೆ ಬರುವುದು ಪ್ಲಗ್ ಮತ್ತು ಸಾಕೆಟ್. ನಮ್ಮ 6 ಮತ್ತು 16 ಆಂಪಿಯರಿನ ಮೂರು ಪಿನ್ನಿನ ಪ್ಲಗ್ಗುಗಳು ಬ್ರಿಟಿಷರ ಕಾಲದ 5 ಮತ್ತು 15 ಆಂಪಿಯರ್ ಪ್ಲಗ್ಗುಗಳ ಸಂತತಿ. ಇವುಗಳಲ್ಲಿ ಅರ್ತ್ ಪಿನ್ನು ಬೇಕೆಂದೇ ಉದ್ದ ಮತ್ತು ದಪ್ಪ. ಕರೆಂಟು ತಾಗುವ ಮೊದಲೇ ನೆಲದ ಸಂಪರ್ಕ ಆಗಿರಲಿ ಎಂಬುದು ಇದರ ಉದ್ದೇಶ. ಎಲ್ಲ ದೇಶದ ಪಿನ್ನೂ ಕೂರುತ್ತದೆಂದು ಮಾರುವ ಅಗ್ಗದ ಮಲ್ಟಿಪ್ಲಗ್ಗಿನಲ್ಲಿ ಯಾವ ಪಿನ್ನೂ ಬಿಗಿಯಾಗಿ ಕೂರುವುದಿಲ್ಲ, ಎಷ್ಟೋ ಸಲ ಅರ್ತ್ ಸಂಪರ್ಕವೇ ಇರುವುದಿಲ್ಲ.

ಸಡಿಲ ಸಂಪರ್ಕದ ಪರಿಣಾಮವನ್ನು ಹೈಸ್ಕೂಲಿನ ಸೂತ್ರದಿಂದಲೇ ಲೆಕ್ಕ ಹಾಕಬಹುದು. 2,000 ವ್ಯಾಟಿನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಸಡಿಲ ಪಿನ್ನಿನಲ್ಲಿ ಅರ್ಧ ಓಮಿನಷ್ಟು ರೋಧವಿದ್ದರೂ ಆ ಒಂದು ಬಿಂದುವಿನಲ್ಲಿ 38 ವ್ಯಾಟಿನ ಬಿಸಿ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಐರನ್ 25 ವ್ಯಾಟಿನದು. ಪ್ಲಾಸ್ಟಿಕ್ ಸಾಕೆಟ್ ಕಂದು ಬಣ್ಣಕ್ಕೆ ತಿರುಗಿ ಕಮಟು ವಾಸನೆ ಬರುವುದೇಕೆಂದು ಇದರಿಂದ ತಿಳಿಯುತ್ತದೆ. ಸಾವಿರಾರು ರೂಪಾಯಿಯ ಯಂತ್ರವನ್ನು ಇಂಥ ಕಳಪೆ ಸಾಕೆಟ್ಟಿಗೆ ಸಿಕ್ಕಿಸುವುದು ಜೇಡಿಮಣ್ಣಿನ ತಳಪಾಯದ ಮೇಲೆ ಮಹಡಿ ಕಟ್ಟಿದಂತೆ. ಸರಿಯಾದ ಅರ್ತ್ ಗುಂಡಿ, ಐಎಸ್‌ಐ ಗುರುತಿನ ವೈರು ಮತ್ತು ಸಾಕೆಟ್ಟು, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಇವಿಷ್ಟಕ್ಕೆ ಹಾಕಿದ ಹಣ ಮನೆಯ ಎಲ್ಲ ಸಾಮಾನಿಗೂ, ಎಲ್ಲ ಜೀವಕ್ಕೂ ಕಾವಲು.

ರಿಪೇರಿಯ ಮಾತು

ಕೊಳ್ಳುವಾಗ ಕೇಳದ, ಕೆಟ್ಟಾಗ ಕಾಡುವ ಪ್ರಶ್ನೆ ಇನ್ನೊಂದಿದೆ. ಕೆಟ್ಟರೆ ಇಲ್ಲಿಯೇ ಸರಿಯಾಗುತ್ತದೆಯೇ? ಸಾಧಾರಣ ಬೆಲೆಯ ಎಷ್ಟೋ ಸಾಮಾನುಗಳಲ್ಲಿ ಎಲ್ಲೆಡೆ ಸಿಗುವ ಬಿಡಿಭಾಗಗಳೇ ಇರುತ್ತವೆ. ಊರಿನ ಮೆಕ್ಯಾನಿಕ್ಕಿಗೆ ಅದರ ಒಳಹೊರಗು ಗೊತ್ತಿರುತ್ತದೆ. ದುಬಾರಿ ಯಂತ್ರದ ಬೋರ್ಡು ಆ ಕಂಪನಿಯಲ್ಲಿ ಮಾತ್ರ ಸಿಗುವಂಥದ್ದಾದರೆ ದಾವಣಗೆರೆಗೋ ಶಿವಮೊಗ್ಗಕ್ಕೋ ಹೊತ್ತುಕೊಂಡು ಹೋಗಬೇಕು. ಹೋಗಿ ಬರುವ ದಿನಗೂಲಿಯನ್ನೂ ಬೆಲೆಗೆ ಸೇರಿಸಿಯೇ ಹೋಲಿಸಬೇಕು. ಬಿಡಿಭಾಗ ಮತ್ತು ದುರಸ್ತಿಯ ಮಾಹಿತಿ ಗ್ರಾಹಕರಿಗೆ ಸಿಗಲೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಜಾಲತಾಣ ತೆರೆದಿರುವುದು ಗಮನಾರ್ಹ.

ಇನ್ನು ಕಳಪೆಯನ್ನು ಗುರುತಿಸುವ ಬಗೆ. 2012ರಲ್ಲಿ ಹೊರಡಿಸಿದ ಕಡ್ಡಾಯ ನೋಂದಣಿ ಆದೇಶ ಮತ್ತು ನಂತರ ಅದಕ್ಕೆ ಸೇರಿಸಿದ ಪಟ್ಟಿಗಳ ಪ್ರಕಾರ ಟೀವಿ, ಚಾರ್ಜರ್, ಪವರ್ ಬ್ಯಾಂಕ್, ಎಲ್‌ಇಡಿ ಬಲ್ಬು ಮೊದಲಾದವುಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ಸಂಖ್ಯೆ ಇರಲೇಬೇಕು. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಆದರೆ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನಲ್ಲಿ, ಯಾವ ಸಾಮಾನಿಗೆ ನೋಂದಣಿಯಾಗಿದೆ ಎಂದು ತಿಳಿಯುತ್ತದೆ. ಪೆಟ್ಟಿಗೆಯ ಮೇಲಿನ ಹೆಸರಿಗೂ ಅದಕ್ಕೂ ತಾಳೆಯಾಗದಿದ್ದರೆ ಕೊಳ್ಳದಿರುವುದು ಲೇಸು. ರಸೀದಿಯನ್ನಂತೂ ಬಿಡಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬೇಕಾದಾಗ ಮೊದಲು ಕೈಹಿಡಿಯುವುದು ಅದೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಒಟ್ಟಿನಲ್ಲಿ, ಲೈನಿನ ಪೆಟ್ಟನ್ನು ನೇರವಾಗಿ ತಿನ್ನುವ ವೈರು, ಸಾಕೆಟ್ಟು, ಚಾರ್ಜರು, ಬಲ್ಬುಗಳಲ್ಲಿ ತೀರ ಅಗ್ಗಕ್ಕೆ ಇಳಿಯಬಾರದು. ಪರದೆಯ ಅಗಲ, ಬಣ್ಣ, ಬಳಸದ ಹತ್ತಾರು ಬಟನ್ನುಗಳಲ್ಲಿ ಧಾರಾಳವಾಗಿ ಉಳಿಸಬಹುದು. ಬೆಲೆ ಕೇಳುವ ಮೊದಲು ಪೆಟ್ಟಿಗೆಯನ್ನು ತಿರುಗಿಸಿ ಬೆನ್ನಿನ ಚೀಟಿ ಓದಿ. ಎಷ್ಟು ವೋಲ್ಟಿನಿಂದ ಎಷ್ಟು ವೋಲ್ಟಿನವರೆಗೆ, ಎಷ್ಟು ಆಂಪಿಯರ್, ಯಾವ ಗುರುತು, ಎಷ್ಟು ವರ್ಷದ ಗ್ಯಾರಂಟಿ ಎಂಬ ನಾಲ್ಕು ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗದ ಸಾಮಾನು ಪುಕ್ಕಟೆ ಸಿಕ್ಕರೂ ದುಬಾರಿಯೇ.